ರೊಟ್ಟಿಯ ಶಾಂತಕ್ಕ ತಡೆದ ಮಾರಾಟ

ನಮ್ಮ ವೆಬ್‌ಸೈಟನ್ನು ಮಾರುವ ಕರಾರು ಪತ್ರಕ್ಕೆ ನಾನೂ ಗೆಳೆಯ ರಮೇಶನೂ ಸಹಿ ಹಾಕಲು ಕೂತಿದ್ದೆವು. ಅಷ್ಟರಲ್ಲಿ ಬಿಟಿಎಂ ಲೇಔಟಿನ ಎರಡನೇ ಮಹಡಿಯಲ್ಲಿದ್ದ ನಮ್ಮ ಆಫೀಸು ಕೋಣೆಗೆ ಹೆಂಗಸೊಬ್ಬರು ಏದುಸಿರು ಬಿಡುತ್ತಾ ಹತ್ತಿ ಬಂದರು.

"ಇಂಟರ್ನೆಟ್ಟಿನ್ಯಾಗ ನನ್ನ ಹೆಸರು ಹಾಕಿದೋರು ನೀವ ಏನ್ರಿ?" ಎಂದವರೇ ಜೋಳದ ರೊಟ್ಟಿಯ ಕಟ್ಟನ್ನು ಕಂಪ್ಯೂಟರಿನ ಪಕ್ಕ ಇಟ್ಟರು. ಗದಗದಿಂದ ಬಂದು, ಹತ್ತಿರದಲ್ಲೇ ಬಾಡಿಗೆ ಮನೆ ಹಿಡಿದು ರೊಟ್ಟಿ ಮಾರುತ್ತಿದ್ದ ಶಾಂತಕ್ಕ ಅವರು. ನಮ್ಮ ಸೈಟು ನೋಡಿ ಸುತ್ತಲಿನ ಆಫೀಸುಗಳವರೆಲ್ಲ ರೊಟ್ಟಿಗಾಗಿ ಫೋನ್ ಮಾಡುತ್ತಿದ್ದಾರೆಂದು ಖುಷಿ ಹಂಚಿಕೊಳ್ಳಲು ಬಂದಿದ್ದರು.

ಸುತ್ತಲಿನ ಬಡಾವಣೆಗಳ ಟೈಲರ್, ಪ್ಲಂಬರ್, ಅಡುಗೆಯವರ ನಂಬರುಗಳನ್ನು ನಾವು ಉಚಿತವಾಗಿ ಹಾಕುತ್ತಿದ್ದೆವು. ನೋಡುವವರಿಗೆ ಬರವಿರಲಿಲ್ಲ, ಆದಾಯ ಮಾತ್ರ ಸೊನ್ನೆ. ದೊಡ್ಡ ಕಂಪನಿ ಕೊಂಡರಷ್ಟೇ ಉಳಿಗಾಲ ಎಂದು ಎಲ್ಲರೂ ಹೇಳಿದ್ದರು. ರಮೇಶ ಅದನ್ನೇ ಶಾಂತಕ್ಕನಿಗೂ ಹೇಳಿದ.

"ಮಾರ್ತೀರಿ? ಅವ್ರು ನನ್ನ ಹೆಸರು ಇಡ್ತಾರೋ, ತೆಗಿತಾರೋ! ಪುಕ್ಕಟೆ ಯಾಕ ಹಾಕ್ತೀರಿ? ತಿಂಗಳಿಗೆ ಇಷ್ಟು ಅಂತ ತಗೋರಿ, ಕೊಡ್ತೀನಿ."

ರಮೇಶ ನನ್ನ ಮುಖ ನೋಡಿದ. "ಮಗಾ, ದುಡ್ಡು ಕೊಡ್ತೀರಾ ಅಂತ ನಾವು ಯಾರನ್ನೂ ಕೇಳೇ ಇಲ್ವಲ್ಲೋ!"

ಸಹಿ ಅಲ್ಲಿಗೇ ನಿಂತಿತು. ಮರುದಿನದಿಂದ ಬನಶಂಕರಿ, ಜಯನಗರವೆಲ್ಲ ಸುತ್ತಿ ಒಬ್ಬೊಬ್ಬರನ್ನೇ ಕೇಳಿದೆವು. ಕೆಲವರು ಗೊಣಗಿದರು, ಹೆಚ್ಚಿನವರು ಒಪ್ಪಿದರು. ಜೆಪಿ ನಗರದ ಟೈಲರ್ ಒಬ್ಬರಂತೂ "ಇಷ್ಟು ದಿನ ಯಾಕ್ ಸಾರ್ ಬರ್ಲಿಲ್ಲ?" ಎಂದು ಗದರಿದರು.

ಸೈಟು ಇವತ್ತಿಗೂ ನಮ್ಮದೇ. ಬಹಳ ದೊಡ್ಡದೇನೂ ಆಗಿಲ್ಲ, ಆದರೆ ತನ್ನ ಕಾಲ ಮೇಲೆ ನಿಂತಿದೆ. ನನ್ನ ಕೆಲಸಕ್ಕೆ ಬೆಲೆ ಕೇಳಲು ಸಂಕೋಚಪಡುವ ಅಭ್ಯಾಸ ಅಂದೇ ಬಿಟ್ಟುಹೋಯಿತು.