ಚುಕ್ಕಿಗೆ ಹಾಕಿದ ಹಸಿ ಮೀನು

ನಮ್ಮ ಬೆಕ್ಕು ಚುಕ್ಕಿ ಆ ದಿನ ಬೆಳಿಗ್ಗೆ ಮೀನು ಮುಟ್ಟಲಿಲ್ಲ.

ಹಿತ್ತಲಲ್ಲಿ ತಟ್ಟೆ ಇಟ್ಟು ಕರೆದೆ. ಬಂತು, ಮೂಸಿತು, ಹಿಂದೆ ಸರಿಯಿತು. ಅದರ ಮರಿ ಬೂದಿ ಮಾತ್ರ ಎಂದಿನಂತೆ ಗುರುಗುಟ್ಟುತ್ತ ಎರಡೂ ಪಾಲು ತಿಂದು ಮುಗಿಸಿತು. ಬಿಸಿಲಿಗೆ ಬಾಯಿ ಕೆಟ್ಟಿರಬೇಕು ಎಂದುಕೊಂಡು ನಾನು ಹೊಲಿಗೆ ಮಷಿನ್ ಮುಂದೆ ಕೂತೆ. ಲಗ್ನದ ದಿನಗಳು. ಹೊಲಿಯಬೇಕಾದ ರವಿಕೆಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು.

ಮೂರನೆಯ ದಿನ ನೋಡಿದರೆ ಚುಕ್ಕಿಯ ತಲೆ ಕೆಳಗೆ ಬಗ್ಗಿತ್ತು. ಗದ್ದ ಎದೆಗೆ ತಾಗುವಷ್ಟು. ಕೈಯಿಂದ ಎತ್ತಿ ಹಿಡಿದೆ. ಬಿಟ್ಟ ಕೂಡಲೇ ಮತ್ತೆ ಬಗ್ಗಿತು. ನಡೆದರೆ ಹಿಂಗಾಲು ಓಲಾಡುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲೂ ಕಣ್ಣಿನ ಕಪ್ಪು ಅಗಲವಾಗಿಯೇ ಇತ್ತು.

ನಮ್ಮದು ಹಲವಾಗಲಿನಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಹಿಂದೆ ಮನೆ. ಮನೆಯಲ್ಲಿ ಅತ್ತೆ ಗುರಮ್ಮ, ನನ್ನ ಗಂಡ ಕೊಟ್ರೇಶ, ನಾನು. ಬೆಕ್ಕು ಸಾಕಿದ್ದು ಅಂಗಡಿಯ ಇಲಿಗಳಿಗಾಗಿ. ಆದರೆ ಕಳೆದ ವರ್ಷ, ತೊಂಬತ್ತೇಳರ ದೀಪಾವಳಿಯ ಹೊತ್ತಿಗೆ ಇಲಿಗಳ ಹಾವಳಿ ಮಿತಿಮೀರಿ, ನಮ್ಮವರು ಪಾಷಾಣ ಇಡಲು ಶುರುಮಾಡಿದರು. ವಿಷ ತಿಂದ ಇಲಿಯನ್ನು ಬೆಕ್ಕು ತಿಂದೀತೆಂದು ನಾನು ಎರಡನ್ನೂ ಹಿತ್ತಲಲ್ಲಿ ಕೂಡಿಹಾಕಿದೆ. ಹಾಲು, ರೊಟ್ಟಿ ಹಾಕಿದೆ. ಬಡವಾದವು. ಕೂದಲು ಉದುರಿತು. ಆಗ ಹಿಂದಿನ ಮನೆಯ ಗಂಗವ್ವ ಗೋಡೆಯ ಮೇಲಿಂದ ಒಂದು ಬೊಗಸೆ ಸಣ್ಣ ಮೀನು ಕೊಟ್ಟಳು, ಆಮೇಲೆ ದಿನವೂ ಕೊಡತೊಡಗಿದಳು. ಅವಳ ಗಂಡ ಹೊಳೆಯಲ್ಲಿ ಬಲೆ ಹಾಕುವವನು.

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಅತ್ತೆ ಪೂಜೆಗೆ ಕೂತ ಹೊತ್ತು ನೋಡಿ ಹಿತ್ತಲಿಗೆ ಹೋಗಿ ಮೀನು ಹಾಕಿ, ತಟ್ಟೆಗೆ ಒಲೆಯ ಬೂದಿ ಹಚ್ಚಿ ತಿಕ್ಕಿ, ತೊಳೆದು ಇಡುತ್ತಿದ್ದೆ. ಹಸಿ ಮೀನು ಬಿಟ್ಟರೆ ಬೇರೇನೂ ಇಲ್ಲ. ನಾಲ್ಕು ತಿಂಗಳು. ಬೆಕ್ಕುಗಳ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಆ ಮೂರನೆಯ ದಿನವೇ ಇಳಿಹೊತ್ತಿನಲ್ಲಿ ಚುಕ್ಕಿ ಹೇಗೋ ನಡುಮನೆಗೆ ಬಂತು. ಗಿರಗಿರ ಒಂದು ಸುತ್ತು ಸುತ್ತಿ ದೊಪ್ಪನೆ ಬಿತ್ತು. ನಾಲ್ಕೂ ಕಾಲು ಸೆಟೆದುಕೊಂಡವು. ಬಾಯಲ್ಲಿ ಜೊಲ್ಲು.

"ಅಯ್ಯ ನನ್ನವ್ವಾ, ಏನಾತ ನಿನಗ?" ಎನ್ನುತ್ತ ಅತ್ತೆ ಅದನ್ನು ಎತ್ತಲು ಕೈ ಚಾಚಿದರು.

ಹಲ್ಲು ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

ಬಿಡಿಸುವಷ್ಟರಲ್ಲಿ ಅತ್ತೆಯ ಸೆರಗೆಲ್ಲ ರಕ್ತ. ನಮ್ಮವರು ಅಂಗಡಿಯಿಂದ ಓಡಿ ಬಂದರು, ಒಂದು ಕೈಯಲ್ಲಿ ಖಾರಪುಡಿ, ಇನ್ನೊಂದರಲ್ಲಿ ಬಡಿಗೆ. ಕಡಿದ ಜಾಗಕ್ಕೆ ಖಾರ ತುಂಬಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಅತ್ತೆಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಸೋಪು ಹಚ್ಚಿ ಕೈ ತೊಳೆಯುತ್ತ ಕೂತೆ. ತೊಳೆದಷ್ಟೂ ರಕ್ತ ಬರುತ್ತಿತ್ತು. ಅಂಗಳದಲ್ಲಿ ಜನ ಸೇರಿದ್ದರು.

"ಹುಚ್ಚು ಹಿಡದೈತಿ, ಬಡದು ಹಾಕ್ರಿ!"

ನಮ್ಮವರು ಬಡಿಗೆ ಎತ್ತಿದ್ದರು. ಅತ್ತೆ ಬಚ್ಚಲಿನಿಂದಲೇ ಕೂಗಿದರು.

"ಕೊಟ್ರೇಶಿ, ಅದನ್ನ ಕೊಂದ್ರ ನಾ ಒಂದು ಸೂಜೀನೂ ಚುಚ್ಚಿಸ್ಕೊಳ್ಳಂಗಿಲ್ಲ ನೋಡು! ಜಡ್ಡು ಬಂದದ್ದಕ್ಕ ಕಡದೈತಿ. ಸಿಟ್ಟಿಗೆ ಕಡದಿಲ್ಲ."

ಬಡಿಗೆ ಕೆಳಗಿಳಿಯಿತು. ಗಂಗವ್ವ ದೊಡ್ಡ ಬಿದಿರ ಮಂಕರಿ ತಂದು ಚುಕ್ಕಿಯ ಮೇಲೆ ಕವುಚಿ ಹಾಕಿ, ಮೇಲೊಂದು ಕಲ್ಲು ಇಟ್ಟಳು.

ಮರುದಿನ ಮೊದಲ ಬಸ್ಸಿಗೆ ಹರಪನಹಳ್ಳಿಯ ಆಸ್ಪತ್ರೆಗೆ ಹೋದೆವು. ಓಪಿಡಿಯಲ್ಲಿ ಡಾಕ್ಟರು ಕೈ ನೋಡಿದರು.

"ತೊಳದದ್ದು ಚಲೋ ಆತು. ಬೆಕ್ಕು ಎಲ್ಲೈತಿ?"

"ಮಂಕರಿ ಕೆಳಗ ಐತ್ರಿ."

"ಕೊಲ್ಲಬ್ಯಾಡ್ರಿ. ಹತ್ತು ದಿನ ಅಬ್ಸರ್ವೇಶನ್. ಹತ್ತು ದಿನ ಆದ ಮ್ಯಾಲೂ ಚಲೋ ಇದ್ರ ರೇಬಿಸ್ ಅಲ್ಲ, ಇಂಜೆಕ್ಷನ್ ನಿಲ್ಲಿಸ್ತೀನಿ. ಅಲ್ಲಿತನಕ ದಿನಾ ಬರಬೇಕು."

"ನಡಬರಕ ಬೆಕ್ಕು ಸತ್ರ, ಡಾಕ್ಟ್ರೇ?"

ಅವರು ಚೀಟಿಯಿಂದ ತಲೆ ಎತ್ತಲಿಲ್ಲ. "ಹದಿನಾಲ್ಕೂ ಇಂಜೆಕ್ಷನ್ ಹಾಕಬೇಕಾಗ್ತೈತಿ. ಆಮ್ಯಾಲ ದೇವರ ಮ್ಯಾಲ ಭಾರ."

ಹೊಕ್ಕುಳ ಸುತ್ತ ಕೊಡುವ ಇಂಜೆಕ್ಷನ್. ಅರವತ್ತೆಂಟು ವರ್ಷದ ಅತ್ತೆ ಪರದೆಯ ಹಿಂದೆ ಸೀರೆ ಸಡಿಲಿಸಿ ಮಲಗಿದರು. ನಾನು ಅವರ ಕಾಲು ಹಿಡಿದುಕೊಂಡಿದ್ದೆ. ಸೂಜಿ ಇಳಿಯುವಾಗ ಅತ್ತೆ ಸೆರಗಿನ ತುದಿ ಕಚ್ಚಿದರು.

ಇಂಜೆಕ್ಷನ್ನಿನ ಎರಡನೆಯ ದಿನ ಬೆಳಿಗ್ಗೆ ಬೂದಿಯೂ ಮೀನು ಬಿಟ್ಟಿತು.

ಅದರ ತಲೆಯೂ ಬಗ್ಗಿತ್ತು.

ತಾಯಿಯಿಂದ ಮರಿಗೆ ಅಂಟಿತು ಎಂದು ಓಣಿಯೆಲ್ಲ ಮಾತಾಯಿತು. ಮಕ್ಕಳನ್ನು ನಮ್ಮ ಕಟ್ಟೆ ಹತ್ತಲು ಬಿಡಲಿಲ್ಲ. ರವಿಕೆ ಹೊಲಿಯಲು ಕೊಟ್ಟವರು ಬಾಗಿಲಾಚೆ ನಿಂತು ಬಟ್ಟೆ ವಾಪಸ್ ಕೇಳಿದರು. ಆ ದಿನ ಅತ್ತೆಗೆ ಇಂಜೆಕ್ಷನ್ ಆದ ಮೇಲೆ ಅವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ನಾನೊಬ್ಬಳೇ ದನದ ಆಸ್ಪತ್ರೆಗೆ ನಡೆದೆ. ಅಲ್ಲಿ ಎಮ್ಮೆಯೊಂದರ ಕೆಚ್ಚಲು ನೋಡುತ್ತಿದ್ದ ಡಾಕ್ಟರಿಗೆ ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಒಂದೇ ಪ್ರಶ್ನೆ ಕೇಳಿದರು. ಆವರೆಗೆ ಯಾರೂ ಕೇಳದಿದ್ದ ಪ್ರಶ್ನೆ.

"ಏನ್ ತಿನ್ನಾಕ ಹಾಕ್ತೀರಿ?"

ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದೆ. "ಮೀನು ರೀ."

"ಬರೇ ಮೀನಾ? ಹಸೀವಾ?"

"ಹೂನ್ರಿ. ಹೊಳಿ ಮೀನು. ನಾಕು ತಿಂಗಳಾತು. ಬ್ಯಾರೆ ಏನೂ ಇಲ್ರಿ."

ಅವರು ನಿಧಾನವಾಗಿ ವಿವರಿಸಿದರು. ಕೆಲವು ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ ಬಿ ಒನ್ ಅನ್ನು ನಾಶ ಮಾಡುವ ಅಂಶವಿರುತ್ತದಂತೆ. ಬೇಯಿಸಿದರೆ ಅದು ಹೋಗುತ್ತದೆ, ಹಸಿಯಾಗಿ ಅದನ್ನೊಂದನ್ನೇ ದಿನವೂ ತಿಂದರೆ ಬೆಕ್ಕಿನ ಮಿದುಳು, ನರ ಸೊರಗುತ್ತವೆ. ಮೊದಲು ಹಸಿವು ಹೋಗುತ್ತದೆ. ಆಮೇಲೆ ತಲೆ ಬಗ್ಗುತ್ತದೆ. ಆಮೇಲೆ ಫಿಟ್ಸ್.

"ಹಂಗಾರ ಹುಚ್ಚಲ್ಲೇನ್ರಿ?"

"ಹಂಗ ಹೇಳಾಕ ಬರಂಗಿಲ್ಲಮ್ಮ. ಜೀವ ಇರೋತನಕ ಯಾರೂ ಖಾತ್ರಿ ಹೇಳಾಕಾಗಂಗಿಲ್ಲ. ಅಮ್ಮಾರ ಇಂಜೆಕ್ಷನ್ ಒಂದೂ ತಪ್ಪಿಸಬ್ಯಾಡ್ರಿ. ನಾ ಸಂಜಿಗೆ ಬರ್ತೀನಿ."

ಹೇಳಿದಂತೆ ಮೋಟರ್‌ಬೈಕಿನಲ್ಲಿ ಬಂದರು. ಕೈಗೆ ದಪ್ಪ ಚರ್ಮದ ಗವಸು. ನಮ್ಮವರು ಮಂಕರಿ ಒಂದು ಗೇಣು ಎತ್ತಿದರು, ಡಾಕ್ಟರು ಗೋಣಿಚೀಲ ಹಾಕಿ ಚುಕ್ಕಿಯನ್ನು ಒತ್ತಿ ಹಿಡಿದು ಬಿ ಒನ್ ಚುಚ್ಚಿದರು. ಬೂದಿಗೂ ಒಂದು. ಮುಂದಿನ ದಿನಗಳಲ್ಲಿ ಚುಚ್ಚಲು ಊರಿನ ಕಂಪೌಂಡರಿಗೆ ಹೇಳಿ ಹೋದರು. ಬೈಕು ಹತ್ತುವಾಗ ಡಾಕ್ಟರು, ಇನ್ನು ಹಸಿ ಮೀನು ಹಾಕಬೇಡಿ ಎಂದು ನಮ್ಮವರಿಗೂ ಹೇಳಿದರು. ನಾನು ಬೆಕ್ಕುಗಳಿಗೆ ಮೀನು ಹಾಕುತ್ತಿದ್ದುದು ನಮ್ಮವರಿಗೆ ಗೊತ್ತಾದದ್ದೇ ಆಗ.

"ಈ ಮನ್ಯಾಗ ಮೀನಾ?" ಎಂದರು. "ಅದರಿಂದ ನಮ್ಮವ್ವಗ..."

ಮಾತು ಮುಗಿಸಲಿಲ್ಲ. ಮುಗಿಸಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನ ಬೆಳಿಗ್ಗೆ ಮಂಕರಿಯ ಕಿಂಡಿಯಿಂದ ನೋಡಿದೆ. ಚುಕ್ಕಿ ಮಲಗಿತ್ತು. ಹೊಟ್ಟೆ ಏರಿಳಿಯುತ್ತಿತ್ತು. ಅದರ ಮರುದಿನ, ಅಂದರೆ ನಾಲ್ಕನೆಯ ದಿನ, ಮಂಕರಿಯಿಂದ ಸಣ್ಣ ದನಿ ಬಂತು. ಬಗ್ಗಿ ನೋಡಿದರೆ ಚುಕ್ಕಿ ಕೂತಿತ್ತು. ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು. ನೀರಿನ ಬಟ್ಟಲು ಒಳಗೆ ಸರಿಸಿದೆ. ಕುಡಿಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಬೂದಿ ಆ ಹೊತ್ತಿಗಾಗಲೇ ಗೋಡೆ ಹತ್ತಿತ್ತು.

ಆದರೂ ಹತ್ತು ದಿನ ಎಂದರೆ ಹತ್ತು ದಿನ. ಆಸ್ಪತ್ರೆಯ ಡಾಕ್ಟರು ಒಂದು ದಿನವನ್ನೂ ಬಿಡಲಿಲ್ಲ. ಅತ್ತೆಯ ಹೊಟ್ಟೆಯ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟುಗಳು ಎದ್ದಿದ್ದವು. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಆರನೆಯ ಇಂಜೆಕ್ಷನ್ ಆದ ಮೇಲೆ ಜ್ವರ ಬಂತು. ಏಳನೆಯ ದಿನ ಬೆಳಿಗ್ಗೆ ಏಳಲೇ ಇಲ್ಲ. ಬಿಸಿಲು ಅಂಗಳಕ್ಕೆ ಬಂದ ಮೇಲೆ ಕಣ್ಣು ತೆರೆದರು. ತುಟಿ ಒಣಗಿತ್ತು. ತಂಬಿಗೆ ತಂದು ಹಿಡಿದೆ.

ಅತ್ತೆ ಮುಖ ತಿರುಗಿಸಿ ತಂಬಿಗೆ ದೂಡಿದರು.

"ನೀರು ಬ್ಯಾಡ."

ಹುಚ್ಚು ನಾಯಿ ಕಡಿದವರು ನೀರು ಕಂಡರೆ ಹೆದರುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

"ಒಂದು ಗುಟುಕು ಕುಡೀರಿ ಅತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮತ್ತೆ ದೂಡಿದರು. ಈ ಸಲ ಸಿಟ್ಟಿನಿಂದ.

"ಬುದ್ಧಿ ಐತಿಲ್ಲ ನಿನಗ? ಜಳಕ ಇಲ್ಲ, ಪೂಜಿ ಇಲ್ಲ, ಹೆಂಗ ಕುಡೀಲಿ? ಮೊದಲ ಬಿಸಿನೀರು ಕಾಸು."

ಐವತ್ತು ವರ್ಷದಿಂದ ಲಿಂಗಪೂಜೆಗೆ ಮುಂಚೆ ಹನಿ ನೀರು ಮುಟ್ಟಿದವರಲ್ಲ. ಅದು ನನಗೆ ಮರೆತೇ ಹೋಗಿತ್ತು. ನಮ್ಮವರು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಿಲ್ಲ. ನಾನು ಒಲೆ ಹಚ್ಚಿದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆ. ಅತ್ತೆ ಗೋಡೆಗೊರಗಿ ಕೂತು ಪೂಜೆ ಮುಗಿಸಿ, ತಂಬಿಗೆಯ ನೀರೆಲ್ಲ ಒಂದೇ ಉಸಿರಿಗೆ ಕುಡಿದರು. ಅವರ ಗಂಟಲು ಏರಿಳಿಯುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ.

ಆ ದಿನ ಬಸ್ಸಿನಲ್ಲಿ ಅವರ ಪಕ್ಕ ಕೂತು ಹೇಳಿಬಿಟ್ಟೆ.

"ಅತ್ತಿ, ನಾನ ಮೀನು ಹಾಕ್ತಿದ್ದೆ. ನಿಮಗ ಹೇಳಿದ್ದಿಲ್ಲ. ನನ್ನಿಂದ ಇಷ್ಟೆಲ್ಲ ಆತು."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ನಾಕು ತಿಂಗಳು ನನ್ನ ಮೂಗು ಎಲ್ಲಿಗೆ ಹೋಗಿತ್ತು ಅಂದ್ಕೊಂಡಿದ್ದಿ?" ಎಂದರು. ಸ್ವಲ್ಪ ತಡೆದು, "ಮೈ ತುಂಬಿಕೊಂಡಿದ್ವು. ನೋಡಿ ಸುಮ್ಮನಿದ್ದೆ. ನಂದೂ ಪಾಲು ಐತಿ ತಗೋ."

ಹನ್ನೊಂದನೆಯ ದಿನ ಡಾಕ್ಟರು ಬೆಕ್ಕು ಹೇಗಿದೆ ಎಂದು ಎರಡು ಸಲ ಕೇಳಿ, ಚೀಟಿಯ ಮೇಲೆ ಗೆರೆ ಎಳೆದು ಇಂಜೆಕ್ಷನ್ ನಿಲ್ಲಿಸಿದರು. ಅಲ್ಲಿಂದ ಅತ್ತೆ ನನ್ನ ಜೊತೆ ದನದ ಆಸ್ಪತ್ರೆಗೂ ಬಂದರು. ಕೈಮುಗಿದು ನಿಂತು, "ಇನ್ನ ಮ್ಯಾಲ ಅವಕ್ಕ ಏನ್ ಹಾಕಬೇಕ್ರಿ?" ಎಂದು ತಾವೇ ಕೇಳಿದರು.

"ಬೆಕ್ಕು ಇಲಿ ತಿಂದ್ರ ಏನಾರ ಬಿಡ್ತೈತೇನಮ್ಮ?" ಎಂದರು ಡಾಕ್ಟರು. "ಮಾಂಸ, ಎಲುಬು, ಗುಂಡಿಗಿ, ಲಿವರ್ ಎಲ್ಲಾ ತಿಂತೈತಿ. ತಟ್ಟ್ಯಾಗೂ ಹಂಗ ಎಲ್ಲಾ ಇರಬೇಕು. ಒಂದ ಪದಾರ್ಥ ಹಾಕಿದ್ರ, ಅದು ಎಷ್ಟ ಚಲೋ ಇರಲಿ, ಕೆಡಸ್ತೈತಿ."

ಕೋಳಿ ಮಾಂಸ ಹೆಚ್ಚು, ಜೊತೆಗೆ ಗುಂಡಿಗೆ. ಲಿವರ್ ಹೆಬ್ಬೆರಳಿನ ತುದಿಯಷ್ಟೇ, ಅದು ಹೆಚ್ಚಾದರೂ ಕೆಡುಕು. ಕುತ್ತಿಗೆಯ ಮೆತ್ತನೆಯ ಎಲುಬನ್ನು ಹಸಿಯಾಗಿಯೇ ಜಜ್ಜಿ ಹಾಕಬೇಕು, ಬೇಯಿಸಿದ ಎಲುಬು ಸೀಳಿ ಗಂಟಲಿಗೆ ಚುಚ್ಚುತ್ತದೆ. ಮೀನು ಅಪರೂಪಕ್ಕೆ, ಅದೂ ಬೇಯಿಸಿ. ಅಂದಂದಿನದು ಅಂದಂದಿಗೆ, ತಿಂದು ಉಳಿದದ್ದನ್ನು ಮಣ್ಣಲ್ಲಿ ಹೂಳಬೇಕು. ಕೈ ಸೋಪಿನಲ್ಲಿ ತೊಳೆಯಬೇಕು. ಇದನ್ನೆಲ್ಲ ರವಿಕೆಯ ಅಳತೆ ಬರೆಯುವ ಪುಸ್ತಕದಲ್ಲಿ ಬರೆದುಕೊಂಡೆ.

ಕೋಳಿ ಅಂಗಡಿಗೆ ಮೊದಲ ದಿನ ಸೆರಗು ಮುಖಕ್ಕೆ ಎಳೆದುಕೊಂಡು ಹೋದೆ. ಈಗ ಹಾಗಿಲ್ಲ. ಹಿತ್ತಲ ಮೂಲೆಯಲ್ಲಿ ಬೇರೆ ಕಲ್ಲು, ಬೇರೆ ಚಾಕು. ಆ ಪಾತ್ರೆ ಮನೆಯೊಳಗೆ ಬರುವುದಿಲ್ಲ. ನಮ್ಮವರು ಪಾಷಾಣ ನಿಲ್ಲಿಸಿ ಇಲಿಬೋನು ತಂದರು. ಮೀನಿನ ಮಾತು ಮತ್ತೆ ಎತ್ತಿಲ್ಲ, ಮರೆತೂ ಇಲ್ಲ. ಗಂಗವ್ವ ಮಾತ್ರ ತಾನೇ ವಿಷ ಕೊಟ್ಟವಳಂತೆ ಒಂದು ತಿಂಗಳು ಗೋಡೆಯ ಹತ್ತಿರ ಬರಲಿಲ್ಲ. ಹೋಗಿ ಕೈಹಿಡಿದು ಕರೆತಂದೆ.

ಇದೆಲ್ಲ ಆಗಿ ಮೂರು ತಿಂಗಳು. ಬೂದಿ ಪೂರ್ತಿ ಸರಿಹೋಗಿದೆ. ಚುಕ್ಕಿ ಜಿಗಿಯುವಾಗ ಒಮ್ಮೊಮ್ಮೆ ಅಳತೆ ತಪ್ಪಿ ಬೀಳುತ್ತದೆ. ಅಷ್ಟು ಉಳಿದೇ ಇರುತ್ತದೆ ಎಂದು ದನದ ಡಾಕ್ಟರು ಹೇಳಿದ್ದಾರೆ. ಅತ್ತೆಯ ಹೊಟ್ಟೆಯ ಗಂಟುಗಳು ಕರಗಿವೆ, ಹೆಬ್ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ. ಚಿಟಿಕೆ ವಿಭೂತಿ ಹಿಡಿಯಲು ಈಗ ನಡುಬೆರಳು ಬಳಸುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ನಾನು ನೋಡುವುದು ಮೂವರನ್ನೂ. ಇಬ್ಬರ ತಲೆ ನೆಟ್ಟಗಿದೆಯೇ, ಒಬ್ಬರು ಪೂಜೆ ಮುಗಿಸಿ ನೀರು ಕುಡಿದರೇ. ಆಮೇಲೆಯೇ ಮಷಿನ್ ಮುಂದೆ ಕೂರುವುದು.

ನಿನ್ನೆ ಅವಸರದಲ್ಲಿ ಕೋಳಿ ಅಂಗಡಿಯಿಂದ ಬರೀ ಮಾಂಸ ತಂದಿದ್ದೆ. ಅತ್ತೆ ಹಿತ್ತಲ ಬಾಗಿಲಲ್ಲಿ ಮೂಗಿಗೆ ಸೆರಗು ಒತ್ತಿಕೊಂಡು ನಿಂತು, ಒಂದು ಕಣ್ಣಿನಿಂದ ತಟ್ಟೆ ನೋಡಿದರು.

"ಎಲುಬು ಎಲ್ಲೈತಿ?" ಎಂದರು. "ಹೋಗು, ಹಾಕಿಸ್ಕೊಂಡ ಬಾ."