ಅರ್ಧ ಇಳಿಸದ ಶಟರ್

ಅಕ್ಕಿಆಲೂರಿನ ನಮ್ಮ ಪೇಟೆಯಲ್ಲಿ ಅಂಗಡಿಕಾರರು ಯಾರೇ ತೀರಿಕೊಳ್ಳಲಿ, ಹೆಣ ದಾಟುವವರೆಗೆ ಉಳಿದವರು ಶಟರ್ ಅರ್ಧ ಇಳಿಸಿ ಹೊರಗೆ ನಿಲ್ಲುತ್ತೇವೆ. ನನ್ನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಸವಣೂರಿನ ವೀಳ್ಯದೆಲೆ ಮಾರುತ್ತಿದ್ದ ಮುದುಕಿಗೆ ಇಳಿಸಲು ಶಟರ್ ಇರಲಿಲ್ಲ. ಆಕೆ ಎಲೆಬುಟ್ಟಿಯ ಮೇಲೆ ಒದ್ದೆ ಗೋಣಿತಟ್ಟು ಎಳೆದು, ಮೊಣಕಾಲು ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದಳು. ನನ್ನಪ್ಪ ಹೋದಾಗ ಪೇಟೆಯಲ್ಲಿ ಎಲ್ಲಕ್ಕಿಂತ ಮೊದಲು ಮುಚ್ಚಿದ್ದು ಆ ಬುಟ್ಟಿ.

ಮೊನ್ನೆ ಸಂತೆಯ ದಿನ ಆಕೆಯದೇ ಹೆಣ ಬಂತು. ನಾನು ಶಟರಿಗೆ ಕೈ ಹಾಕಿ ಎದುರಿನ ಕಿರಾಣಿಯವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ.

“ಅಂಗಡಿ ಇದ್ದವ್ರಿಗಷ್ಟ ಅಲ್ಲೇನ್ರಿ ಈ ಪದ್ಧತಿ?” ಎಂದ.

ನನ್ನ ಅಂಗಡಿಯಲ್ಲೂ ಗಿರಾಕಿಗಳು ತುಂಬಿದ್ದರು. “ಹೌದ್ರಿ” ಎಂದೆ. ನನ್ನ ಬಾಯಿಗೆ ಹುಳ ಬೀಳಲಿ! ಹೊತ್ತವರು ಆಕೆ ಕೂರುತ್ತಿದ್ದ ಕಟ್ಟೆಯ ಮುಂದೆ ಒಂದು ಗಳಿಗೆ ನಿಂತರು. ನಾನು ಬಿಚ್ಚಿದ ಸೀರೆಯನ್ನು ಮಡಚುತ್ತ ತಲೆ ತಗ್ಗಿಸಿದೆ. ಅವರು ಮುಂದೆ ಹೋದ ಮೇಲೂ ಮಡಚುತ್ತಲೇ ಇದ್ದೆ.

ಸಂಜೆ ಹಳ್ಳಿಯ ಹೆಣ್ಣುಮಗಳೊಬ್ಬಳು ಖಾಲಿ ಕಟ್ಟೆ ನೋಡಿ ಕೇಳಿದಳು: “ಎಲಿ ಮಾರೂ ಅಜ್ಜಿ ಕಾಣವಲ್ಲಳಲ್ರಿ?”

“ಇವತ್ತ ಬಂದಿಲ್ರಿ” ಎಂದೆ.