ಪಡೀಲಿನಲ್ಲಿ ಬಾಕಿಯಾದ ಮಂಗಳ

ನಮ್ಮ ಹೈಸ್ಕೂಲಿನ ಗಾಯನ ಮಂಡಳಿಯನ್ನು ಕಂಡರೆ ಊರು ಹೆದರುತ್ತಿತ್ತು. ನಾವು ಹಾಡುವ ರೀತಿಗೆ ಹೆದರಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕಾರಣ ಬೇರೆ. ನಾವು ಯಾರ ಮನೆಗೆ ಹೋಗಿ ಹಾಡಿದೆವೋ ಅವರು ಬಹಳ ದಿನ ಉಳಿಯುತ್ತಿರಲಿಲ್ಲ.

ಮಂಗಳೂರು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಬೆಳಗಿನ ಪ್ರಾರ್ಥನೆ, ಇನ್‌ಸ್ಪೆಕ್ಟರರು ಬಂದರೆ ಸ್ವಾಗತಗೀತೆ, ಇಷ್ಟೇ ಮಂಡಳಿಯ ಕೆಲಸವಾಗಿತ್ತು. ಅದು ಸಾಲದೆಂದು ನಮ್ಮ ಹೆಡ್‌ಮಾಸ್ಟರರು ಒಂದು ಹೊಸ ಧರ್ಮಕಾರ್ಯವನ್ನು ಕಂಡುಹಿಡಿದರು. ಶಾಲೆಯ ಹಿತೈಷಿಗಳು ಯಾರಾದರೂ ಕಾಯಿಲೆ ಬಿದ್ದರೆ ಶನಿವಾರ ಸಂಜೆ ಮಂಡಳಿ ಅವರ ಮನೆಗೆ ಹೋಗಿ, ಹಾಸಿಗೆಯ ಬಳಿ ಕುಳಿತು ಭಜನೆ ಮಾಡಬೇಕು. ರೋಗಿಗೆ ಎದ್ದು ಹೋಗುವ ಶಕ್ತಿ ಇರುವುದಿಲ್ಲವಾದ್ದರಿಂದ ಶ್ರೋತೃಗಳ ಕೊರತೆ ಎಂದೂ ಬರಲಿಲ್ಲ.

ಮುಂದೆ ಸಂಗೀತ ಮಾಸ್ಟ್ರು, ಅವರ ಹಿಂದೆ ಹಾರ್ಮೋನಿಯಂ ಪೆಟ್ಟಿಗೆ ಹೊತ್ತ ಪ್ಯೂನು, ಅವನ ಹಿಂದೆ ನಾವು. ತಾಳ ನನ್ನ ಕೈಯಲ್ಲಿ. ನನ್ನ ಸ್ವರವನ್ನು ಒಂದು ಸಲ ಕೇಳಿದ ಮೇಲೆ ಮಾಸ್ಟ್ರು ತಾಳವನ್ನು ನನಗೇ ಕೊಟ್ಟಿದ್ದರು. ಬಹಳ ಸಾಧು ಮನುಷ್ಯ. ಹೆಂಡತಿ ಮಕ್ಕಳಿಲ್ಲ, ಒಂದು ಬಾಡಿಗೆ ಕೋಣೆಯಲ್ಲಿ ವಾಸ. ಒಂದೇ ವಿಷಯದಲ್ಲಿ ಹಟ: ಭಜನೆ ಎಷ್ಟು ಚಿಕ್ಕದಾದರೂ ಕೊನೆಗೆ ಮಂಗಳ ಹಾಡಲೇಬೇಕು. "ಮಂಗಳ ಹೇಳದೆ ಎದ್ದರೆ ಬಾಗಿಲು ಹಾಕದೆ ಮನೆ ಬಿಟ್ಟು ಹೋದ ಹಾಗೆ. ಒಳಗೆ ಯಾರು ಬರ್ತಾರೆ ಅಂತ ಹೇಳ್ಲಿಕ್ಕೆ ಆಗುದಿಲ್ಲ," ಎನ್ನುತ್ತಿದ್ದರು.

ಮೊದಲು ಹೋದವರು ನಿವೃತ್ತ ಡ್ರಾಯಿಂಗ್ ಮಾಸ್ಟ್ರು. ನಾವು ಮಂಗಳ ಹಾಡಿ ಬಂದದ್ದು ಶನಿವಾರ, ಸೋಮವಾರ ಶಾಲೆಗೆ ರಜೆ. ಹುಡುಗರಿಗೆ ಇದು ಅಂಥ ಅಶುಭವೆಂದು ತೋರಲಿಲ್ಲ. ಆಮೇಲೆ ಆ ಹಾರ್ಮೋನಿಯಂ ದಾನ ಕೊಟ್ಟ ವಕೀಲರು. ಮಂಗಳದ ಕೊನೆಯ ಸಾಲಿಗೆ ಬಂದಾಗ ಅವರು ಕೈ ಜೋಡಿಸಿದ್ದರು. ಮಾರನೆಯ ದಿನ ಬೇರೆಯವರು ಆ ಕೈಗಳನ್ನು ಜೋಡಿಸಿ ಕಟ್ಟಬೇಕಾಯಿತು. ಮೂರನೆಯವರು ಬಂದರಿನ ಅಕ್ಕಿ ವ್ಯಾಪಾರಿಯ ತಾಯಿ. ಆ ಮನೆಗೆ ಬಂದಿದ್ದ ಡಾಕ್ಟರರು ಚಾವಡಿಯಲ್ಲಿ ನಮ್ಮ ಪೆಟ್ಟಿಗೆ ಕಂಡದ್ದೇ ತಮ್ಮ ಚೀಲ ಮುಚ್ಚಿ, "ಸರಿ, ನೀವು ಬಂದಿರಲ್ಲ, ಇನ್ನು ನನಗೆಂತ ಕೆಲಸ?" ಎಂದು ಚಪ್ಪಲಿ ಹಾಕಿಕೊಂಡರು.

ಅಲ್ಲಿಂದ ಮುಂದೆ ನಾವು ಬೀದಿಯಲ್ಲಿ ಹೊರಟರೆ ಜಗಲಿಯಲ್ಲಿ ಕುಳಿತ ಮುದುಕರು ಎಲೆಯಡಿಕೆ ತಟ್ಟೆಯೊಂದಿಗೆ ಒಳಗೆ ಹೋಗುತ್ತಿದ್ದರು. ಹೆಡ್‌ಮಾಸ್ಟರರು ಅಸೆಂಬ್ಲಿಯಲ್ಲಿ ಮೂಢನಂಬಿಕೆಯ ವಿರುದ್ಧ ದೀರ್ಘವಾದ ಭಾಷಣ ಮಾಡಿದರು. ಅದೇ ವಾರ ಅವರಿಗೆ ಶೀತಜ್ವರ ಬಂತು. ಮಂಡಳಿ ತಮ್ಮ ಮನೆ ಕಡೆ ಬರಬಾರದೆಂದು ಪ್ಯೂನನ ಹತ್ತಿರ ಗುಟ್ಟಾಗಿ ಹೇಳಿ ಕಳಿಸಿದರು.

ನಗುತ್ತಿದ್ದೆ ನಾನೂ, ನನ್ನ ಅಜ್ಜನ ಕಾಲು ಬಾತುಕೊಳ್ಳುವವರೆಗೆ.

ನಮ್ಮ ಮನೆ ಊರಿನ ಹೊರಗೆ, ಪಡೀಲಿನಲ್ಲಿ. ಅಜ್ಜ ದೇವಸ್ಥಾನದ ಪೂಜೆಯಿಂದ ನಿವೃತ್ತರಾದವರು, ಅಪ್ಪ ಕೋರ್ಟಿನಲ್ಲಿ ಗುಮಾಸ್ತ. ಆ ವರ್ಷ ಚಳಿಗಾಲ ಕಳೆಯುತ್ತಿದ್ದಂತೆ ಅಜ್ಜನಿಗೆ ಉಬ್ಬಸ ಹೆಚ್ಚಾಗಿ ಪಾದ ಊದಿತು. ಪ್ರತಿದಿನ ಬೆಳಿಗ್ಗೆ ಅಜ್ಜಿ ಹೆಬ್ಬೆರಳಿನಿಂದ ಅವರ ಕಣಕಾಲನ್ನು ಒತ್ತಿ ನೋಡುತ್ತಿದ್ದರು. ಒತ್ತಿದಲ್ಲಿ ಗುಳಿ ಬೀಳುತ್ತಿತ್ತು. ಬಿದ್ದ ಗುಳಿ ಹಾಗೆಯೇ ನಿಲ್ಲುತ್ತಿತ್ತು, ಒದ್ದೆ ಮಣ್ಣಿನಲ್ಲಿ ಬೆರಳು ಊರಿದ ಹಾಗೆ. ಅಜ್ಜಿ ಮೇಲೆ ಬಟ್ಟೆ ಎಳೆಯುತ್ತಿದ್ದರು.

ಒಂದು ದಿನ ಅಜ್ಜ ನನ್ನನ್ನು ಕರೆದರು. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಕನ್ನಡಕ್ಕೆ ತಂದರೆ ಅದರ ಖಾರ ಸ್ವಲ್ಪ ಕಡಿಮೆಯಾಗುತ್ತದೆ.

"ಮಾಣಿ, ನಿಮ್ಮ ಶಾಲೆಯವರು ಭಾರಿ ಲಾಯ್ಕ ಹಾಡ್ತಾರಂತೆ. ಊರಲ್ಲಿ ಹೋದವರೆಲ್ಲ ಕೇಳಿಯೇ ಹೋದದ್ದಂತೆ. ನಾನೊಬ್ಬ ಎಂತ ಪಾಪ ಮಾಡಿದ್ದು?"

ಅಡಿಗೆಮನೆಯಿಂದ ಅಜ್ಜಿಯ ಧ್ವನಿ ಬಂತು. "ಆ ಪೆಟ್ಟಿಗೆ ಈ ಮನೆಯ ಮೆಟ್ಟಿಲು ಹತ್ತುವ ಹಾಗಿಲ್ಲ!"

"ನಲ್ವತ್ತು ವರ್ಷ ದೇವರ ಎದುರು ಗಂಟೆ ಬಡಿದವ ನಾನು. ಒಂದು ಪೆಟ್ಟಿಗೆಗೆ ಹೆದರ್ಲಿಕ್ಕುಂಟಾ?"

"ನೀವು ಹೆದರುದು ಬೇಡ. ನಾನು ಹೆದರ್ತೇನೆ. ಮನೆಯಲ್ಲಿ ಒಬ್ಬರು ಹೆದರಿದ್ರೆ ಸಾಕು."

ಅಪ್ಪ ತಾನು ಇಂಥದ್ದನ್ನೆಲ್ಲ ನಂಬುವವನಲ್ಲ ಎಂದರು. ಎಂದವರೇ ಹೋಗಿ ಪಂಚಾಂಗ ತೆಗೆದರು.

ಅಜ್ಜನ ಹಟವೇ ಗೆದ್ದಿತು. ಮಾಸ್ಟ್ರಿಗೆ ನಾನೇ ಹೇಳಬೇಕಾಯಿತು. ಯಾರೂ ಕರೆಯದೆ ಕುಳಿತಿದ್ದ ಮಾಸ್ಟ್ರ ಮುಖ ಅರಳಿತು, ಆಮೇಲೆ ಬಾಡಿತು. "ನಿನ್ನ ಅಜ್ಜನಾ?" ಎಂದು ಎರಡು ಸಲ ಕೇಳಿದರು. ನಮ್ಮ ಮುಖ್ಯ ಗಾಯಕ, ಎತ್ತರದ ಸಪೂರ ಹುಡುಗ, ನನ್ನ ಬೆನ್ನು ತಟ್ಟಿ ಹೇಳಿದ: "ಎಂತ ಮಾರಾಯ, ಸೋಮವಾರ ರಜೆ ಸಿಗುದಿಲ್ಲಲ್ಲ. ನಿನ್ನ ಅಜ್ಜ ಶಾಲೆಯ ಹಿತೈಷಿ ಅಲ್ವಲ್ಲ!"

ಆ ಶನಿವಾರ ಊರಿನಿಂದ ಪಡೀಲಿಗೆ ನಡೆದೇ ಬಂದೆವು. ಗದ್ದೆಗಳ ಕೊಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ಗಾಳಿ ಇಲ್ಲ. ಪೆಟ್ಟಿಗೆ ಹೊತ್ತ ಪ್ಯೂನು ನಮ್ಮ ಅಂಗಳಕ್ಕೆ ಕಾಲಿಟ್ಟದ್ದೇ ನಾಯಿ ಎದ್ದು, ಬೊಗಳದೆ, ಹಿತ್ತಿಲಿಗೆ ಹೋಯಿತು. ಬೊಗಳಿದ್ದರೆ ನನಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಅಜ್ಜ ದಿಂಬಿಗೆ ಒರಗಿ ಕುಳಿತರು. ಹಾರ್ಮೋನಿಯಂ ತಿದಿ ಒತ್ತಿದಾಗ ಬರುವ ಉಸಿರೂ ಅಜ್ಜನ ಎದೆಯ ಉಸಿರೂ ಒಂದೇ ಶ್ರುತಿಯಲ್ಲಿದ್ದವು. ಮಾಸ್ಟ್ರಿಗೂ ಅದು ಕೇಳಿಸಿರಬೇಕು. ಶ್ರುತಿಯನ್ನು ಒಂದು ಮೆಟ್ಟು ಮೇಲಕ್ಕೇರಿಸಿದರು. ಹಾಡುತ್ತಾ ಹೋದಂತೆ ಅಜ್ಜನ ಮುಖದಲ್ಲಿ ಒಂದು ಬಗೆಯ ಶಾಂತಿ ಬಂತು. ವಕೀಲರ ಮುಖದಲ್ಲಿ ನಾನು ಇದನ್ನೇ ನೋಡಿದ್ದೆ. ನನ್ನ ತಾಳ ತಪ್ಪಿತು. ಮಾಸ್ಟ್ರು ಕಣ್ಣಿನಲ್ಲೇ ಗದರಿಸಿದರು. ಒಂದೊಂದು ಹಾಡು ಮುಗಿದಂತೆ ನನಗೆ ಮಂಗಳ ಹತ್ತಿರವಾಗುವುದು ಕಾಣುತ್ತಿತ್ತು, ಗದ್ದೆಯ ಆಚೆಯಿಂದ ಯಾರೋ ನಡೆದು ಬರುವುದು ಕಾಣುವ ಹಾಗೆ.

ಕೊನೆಯ ಹಾಡೂ ಮುಗಿಯಿತು. ಮಾಸ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮಂಗಳಕ್ಕೆ ಶ್ರುತಿ ಹಿಡಿಯುವಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಅಜ್ಜಿ ದೊಡ್ಡ ಹರಿವಾಣ ಹಿಡಿದು ಬಂದರು. ಅವಲಕ್ಕಿ, ಬಾಳೆಹಣ್ಣು, ಬಿಸಿ ಗೋಳಿಬಜೆ.

"ಮಕ್ಕಳು ಹಸಿದಿದ್ದಾವೆ. ತಿನ್ನಿ, ತಿನ್ನಿ."

"ಅಮ್ಮಾ, ಮಂಗಳ ಒಂದು…" ಎಂದರು ಮಾಸ್ಟ್ರು.

ತಡವಾಗಿತ್ತು. ಮುಖ್ಯ ಗಾಯಕನ ಬಾಯಲ್ಲಿ ಆಗಲೇ ಗೋಳಿಬಜೆ ಇತ್ತು. ಉಳಿದವರೂ ಹಿಂದೆ ಬೀಳಲಿಲ್ಲ.

ಅಜ್ಜಿ ಹರಿವಾಣ ಕೆಳಗಿಟ್ಟು ನೆಟ್ಟಗೆ ನಿಂತರು. "ಅಯ್ಯೋ, ಬಾಯಿ ಎಂಜಲಾಯ್ತಲ್ಲ! ಎಂಜಲು ಬಾಯಲ್ಲಿ ದೇವರಿಗೆ ಮಂಗಳ ಹೇಳ್ಲಿಕ್ಕೆ ಇದೆಂತ ಹೋಟ್ಲಾ? ಅರ್ಚಕರ ಮನೆ."

"ಮುಕ್ಕಳಿಸಿ ಬರ್ತಾರೆ ಅಮ್ಮ."

"ಕತ್ತಲೆ ಆಗ್ತಾ ಬಂತು. ಮಕ್ಕಳು ದೂರ ಹೋಗ್ಬೇಕು. ಮಂಗಳ ಬಾಕಿ ಇರಲಿ ಮಾಸ್ಟ್ರೇ. ಇನ್ನೊಂದು ದಿನ ನೀವು ಬಂದು ಹೇಳ್ಬೇಕು, ಇವರು ಕೂತು ಕೇಳ್ಬೇಕು." ಆಮೇಲೆ ಬಾಗಿಲಿನ ಕಡೆ, ಅಲ್ಲಿ ಯಾರೋ ನಿಂತಿದ್ದಾರೆಂಬಂತೆ, ಸ್ವಲ್ಪ ಜೋರಾಗಿಯೇ ಹೇಳಿದರು: "ಭಜನೆ ಅರ್ಧದಲ್ಲಿರುವಾಗ ಎಬ್ಬಿಸಿ ಕರ್ಕೊಂಡು ಹೋಗುದು ಯಾರಿಗೂ ಮರ್ಯಾದೆ ಅಲ್ಲ."

ನಾನೂ ಬಾಗಿಲಿನ ಕಡೆ ನೋಡಿದೆ. ಯಾರೂ ಇರಲಿಲ್ಲ. ಮಾಸ್ಟ್ರು ಏನನ್ನೂ ತಿನ್ನದೆ ಪೆಟ್ಟಿಗೆ ಮುಚ್ಚಿದರು.

ಅಜ್ಜ ಸಾಯಲಿಲ್ಲ. ಬಾವು ಇಳಿಯಿತು. ಬೆಳಿಗ್ಗೆ ಅಜ್ಜಿ ಒತ್ತಿದ ಗುಳಿ ಬೇಗ ತುಂಬಿಕೊಳ್ಳತೊಡಗಿತು. ಡಾಕ್ಟರರು ತಮ್ಮ ಔಷಧಿಯನ್ನು ಹೊಗಳಿಕೊಂಡರು. ಅಜ್ಜಿ ಅವರಿಗೆ ಗೋಳಿಬಜೆ ಕೊಟ್ಟು ಕಳಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಮಂಗಳ ನಿಷಿದ್ಧ. ಅಕ್ಕನ ಮದುವೆಯಲ್ಲಿ ವಾದ್ಯದವರಿಗೆ ಮಂಗಳ ನುಡಿಸಕೂಡದೆಂದು ತಾಕೀತಾಯಿತು. ಕಾರ್ಯಕ್ರಮ ಮುಗಿದದ್ದು ತಿಳಿಯದೆ ನೆಂಟರು ಚಪ್ಪರದಲ್ಲಿ ಕುಳಿತೇ ಇದ್ದರು. ಅವರಿಗೆ ರಾತ್ರಿಯ ಊಟವನ್ನೂ ಹಾಕಬೇಕಾಯಿತು.

ಆದರೆ ಮಾಸ್ಟ್ರು ಇಳಿದುಹೋದರು. ಯಾರೂ ಕರೆಯುವವರಿಲ್ಲದೆ ಮಂಡಳಿ ತಾನಾಗಿ ನಿಂತಿತ್ತು. ಶಾಲೆಯಲ್ಲಿ ಎದುರು ಸಿಕ್ಕಿದಾಗಲೆಲ್ಲ ಕೇಳುತ್ತಿದ್ದರು, "ಅಜ್ಜ ಹೇಗಿದ್ದಾರೆ?"

"ಒಳ್ಳೇದಿದ್ದಾರೆ ಸಾರ್."

"ಒಳ್ಳೇದು. ಅದೊಂದು ಬಾಕಿ ಉಂಟು, ನೋಡು."

ಅವರು ಪಡೀಲಿನ ದಾರಿ ಹಿಡಿದು ಬಂದೇಬಿಟ್ಟರೆ ಎಂದು ನನಗೆ ಭಯ. ಸಂಜೆ ಗದ್ದೆಯ ಬದುವಿನ ಮೇಲೆ ಬಿಳಿ ಪಂಚೆ ಕಂಡರೆ ಓಡಿ ಹೋಗಿ ಬಾಗಿಲು ಹಾಕುತ್ತಿದ್ದೆ.

ಅವರು ಬರಲಿಲ್ಲ. ಮರುವರ್ಷ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದರು. ಅನ್ನ ಬಿಟ್ಟು ಎಷ್ಟೋ ದಿನವಾದರೂ ಜೀವ ಹೋಗುತ್ತಿಲ್ಲ, ನರಳುತ್ತಿದ್ದಾರೆ, ಏನೋ ಬಾಕಿ ಎನ್ನುತ್ತಾರೆ ಎಂದು ಪ್ಯೂನು ಬಂದು ಹೇಳಿದ. ಅಜ್ಜ ಕೇಳಿಸಿಕೊಂಡರು. ಎದ್ದು ಶಾಲು ಹೊದ್ದರು.

"ಗಾಡಿ ಕಟ್ಟಿಸು ಮಾಣಿ. ತಾಳ ತೆಗೆದುಕೋ."

ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ಎಲ್ಲಿಗೆ?"

"ಆ ಮನುಷ್ಯನನ್ನು ನಾವು ಕಟ್ಟಿ ಹಾಕಿದ್ದೇವೆ. ನನ್ನದು ಮುಗಿಯದೆ ಅವರದ್ದು ಮುಗಿಯುದಿಲ್ಲ."

ಅಜ್ಜಿ ಅವರ ಶಾಲು ಸರಿಪಡಿಸಿದರು. ಆಮೇಲೆ ಪಕ್ಕಕ್ಕೆ ಸರಿದರು.

ಮಾಸ್ಟ್ರ ಕೋಣೆಯಲ್ಲಿ ಚಾಪೆ, ಹೂಜೆ, ಗೋಡೆಗೊಂದು ತಂಬೂರಿ. ಅಜ್ಜನನ್ನು ಕಂಡು ಅವರ ಕಣ್ಣು ತುಂಬಿತು. "ಬೇಡ," ಎಂದರು ಮೆಲ್ಲಗೆ. "ನಿಮಗೆ…"

"ನನಗೆಂತ? ಮಂಗಳ ಶುರು ಮಾಡಿ. ನಾನು ಕೇಳ್ಲಿಕ್ಕೆ ಬಂದದ್ದು."

ಮಾಸ್ಟ್ರ ಸ್ವರ ನೂಲಿನಷ್ಟೇ ಇತ್ತು, ಆದರೆ ಕಡಿಯಲಿಲ್ಲ. ಎರಡನೆಯ ಸಾಲಿಗೆ ಅಜ್ಜ ಸೇರಿಕೊಂಡರು. ಆ ಸಲ ನನ್ನ ತಾಳ ತಪ್ಪಲಿಲ್ಲ. ಬೆಳಗಾಗುವ ಮೊದಲೇ ಮಾಸ್ಟ್ರು ತೀರಿಕೊಂಡರೆಂದು ಆಮೇಲೆ ತಿಳಿಯಿತು.

ಆ ರಾತ್ರಿ ನಾವು ಮನೆಗೆ ಬಂದಾಗ ಅಜ್ಜಿ ಮೆಟ್ಟಿಲ ಬಳಿ ನೀರಿನ ಕಲಶ ಹಿಡಿದು ನಿಂತಿದ್ದರು.

"ಹೇಳಿ ಆಯ್ತಾ?"

"ಆಯ್ತು."

"ಶ್ರುತಿ ಆದ್ರೂ ಸರಿ ಇತ್ತಾ?"

"ಅವರದ್ದು ಸರಿ ಇತ್ತು. ನನ್ನದು ಸ್ವಲ್ಪ ಇಳಿದಿತ್ತು."

ಅಜ್ಜಿ ಅವರ ಪಾದಕ್ಕೆ ನೀರು ಹೊಯ್ದರು. ಹೊಯ್ಯುತ್ತಾ ಬಗ್ಗಿ, ಹೆಬ್ಬೆರಳಿನಿಂದ ಕಣಕಾಲನ್ನು ಒಮ್ಮೆ ಒತ್ತಿದರು. ಗುಳಿ ಬಿತ್ತು. ಮೂವರೂ ನೋಡುತ್ತಾ ನಿಂತೆವು. ಅದು ತುಂಬಲಿಲ್ಲ.

"ಗಾಡಿಯಲ್ಲಿ ಕಾಲು ಇಳಿಬಿಟ್ಟು ಕೂತದ್ದಕ್ಕೆ," ಎಂದರು ಅಜ್ಜ.

"ಹೌದು, ಅದಕ್ಕೇ," ಎಂದರು ಅಜ್ಜಿ. ಕಲಶ ಎತ್ತಿಕೊಂಡು ಎಲೆ ಹಾಕಲು ಒಳಗೆ ಹೋದರು.